ಲೋಕ ಉಳಿಸಲು ಒಬ್ಬರ ಸುಖ: ಕಥೆಯಲ್ಲಿ ಬಲಿಯನ್ನು ಯಾವ ಬಗೆಯಲ್ಲಿ ಕಟ್ಟಬೇಕು?

ಊರು ಉಳಿಯಬೇಕು, ಇಲ್ಲವೇ ಇಡೀ ಭೂಮಿಯೇ ಉಳಿಯಬೇಕು; ಅದಕ್ಕಾಗಿ ಯಾರೋ ಒಬ್ಬರ ಸುಖ ಹೋಗಬೇಕು. ಇಂಥ ಕಥೆ ಬರೆಯಲು ಕೂತವರು ಬಹಳ ಬೇಗ ಒಂದು ಪ್ರಶ್ನೆಗೆ ಸಿಕ್ಕಿಹಾಕಿಕೊಳ್ಳುತ್ತಾರೆ: ಕೊನೆಗೆ ಆ ಒಬ್ಬರನ್ನು ಉಳಿಸಲೇ, ಬಿಡಲೇ? ಅದು ಆಮೇಲಿನ ಮಾತು. ಮೊದಲು ತೀರ್ಮಾನವಾಗಬೇಕಾದ್ದು ಬೇರೆ ಇದೆ. ಈ ಲೆಕ್ಕ ಹಾಕಿದವರು ಯಾರು? ಬಲಿಯಾಗುವವರಿಗೆ ಅದರಲ್ಲಿ ಎಷ್ಟು ಗೊತ್ತು? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಅರ್ಧ ಕಥೆ ಕೈಗೆ ಬಂದಂತೆ. ಸಿಗದಿದ್ದರೆ ಲೋಕ ಉಳಿದರೂ ಮುಳುಗಿದರೂ ಓದುಗರಿಗೆ ಏನೂ ಅನ್ನಿಸುವುದಿಲ್ಲ.

ಹಿಂದಿನವರು ಈ ವಸ್ತುವನ್ನು ಕಟ್ಟಿದ ಬಗೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಯಾವುದು ಯಾವ ಕಥೆಗೆ ಒಗ್ಗುತ್ತದೆ ಎಂದು ನನಗೆ ತೋಚಿದ್ದನ್ನು ಹೇಳುತ್ತಾ ಹೋಗುತ್ತೇನೆ. ನನ್ನ ಒಲವು ಯಾವ ಕಡೆಗೆ ಎಂಬುದೂ ದಾರಿಯಲ್ಲಿ ಗೊತ್ತಾಗುತ್ತದೆ; ಅದನ್ನು ಮುಚ್ಚಿಡುವ ಉದ್ದೇಶವಿಲ್ಲ.

ಬಲಿ ಆಗಲೇ ನಡೆದಿದೆ, ನಾವು ಅದರ ಮೇಲೆ ಬದುಕುತ್ತಿದ್ದೇವೆ

ದಾಸ್ತೊಯೆವ್‌ಸ್ಕಿಯ ‘ಕರಮಜೋವ್ ಸಹೋದರರು’ (1879–80) ಕಾದಂಬರಿಯಲ್ಲಿ ಇವಾನ್ ತನ್ನ ತಮ್ಮ ಅಲ್ಯೋಷಾನನ್ನು ಕೇಳುತ್ತಾನೆ: ಮನುಷ್ಯರೆಲ್ಲರೂ ಸುಖವಾಗಿ, ನೆಮ್ಮದಿಯಾಗಿ ಇರುವಂಥ ಕಟ್ಟಡವೊಂದನ್ನು ನೀನು ಕಟ್ಟುತ್ತಿದ್ದೀಯ. ಆದರೆ ಅದಕ್ಕಾಗಿ ಒಂದೇ ಒಂದು ಎಳೆಯ ಜೀವವನ್ನು ಹಿಂಸಿಸಬೇಕು, ಅದರ ಕಣ್ಣೀರಿನ ಮೇಲೆ ಅಡಿಪಾಯ ಹಾಕಬೇಕು. ಆ ಷರತ್ತಿಗೆ ಒಪ್ಪಿ ಕಟ್ಟುತ್ತೀಯಾ? ಒಪ್ಪುವುದಿಲ್ಲ ಎನ್ನುತ್ತಾನೆ ಅಲ್ಯೋಷಾ, ಮೆಲ್ಲಗೆ. ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ 1891ರ ಒಂದು ಪ್ರಬಂಧದಲ್ಲಿ ಇದೇ ಬಗೆಯ ಮಾತು ಎತ್ತಿದ: ಲಕ್ಷಾಂತರ ಜನ ಸದಾ ಸುಖವಾಗಿರಲು ಎಲ್ಲೋ ದೂರದ ಅಂಚಿನಲ್ಲಿ ಒಂದು ಜೀವ ಒಂಟಿಯಾಗಿ ನರಳುತ್ತಿರಬೇಕು ಎಂದರೆ, ಆ ಸುಖವನ್ನು ಸವಿಯಲು ನಮಗೆ ಹೇಸಿಗೆಯಾಗುವುದಿಲ್ಲವೇ?

ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ 1973ರಲ್ಲಿ ಓಮೆಲಾಸ್ ಎಂಬ ನಗರದ ಕಥೆ ಬರೆದಾಗ ಋಣ ಸಲ್ಲಿಸಿದ್ದು ಜೇಮ್ಸ್‌ಗೆ. ದಾಸ್ತೊಯೆವ್‌ಸ್ಕಿಯಲ್ಲೂ ಈ ವಿಚಾರ ಇತ್ತು ಎನ್ನುವುದು ತನಗೆ ಮರೆತೇ ಹೋಗಿತ್ತು ಎಂದು ಆಕೆ ಆಮೇಲೆ ಬರೆದುಕೊಂಡಿದ್ದಾರೆ. ಮರೆತದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ. ಏಕೆಂದರೆ ಇವಾನ್ ಕಟ್ಟುವವನನ್ನು ಕೇಳಿದರೆ, ಲೆ ಗ್ವಿನ್ ಕಟ್ಟಿ ಮುಗಿದ ಮನೆಯಲ್ಲಿ ವಾಸವಿರುವವರನ್ನು ಕೇಳಿದರು. ನಗರದಲ್ಲಿ ಬೇಸಿಗೆಯ ಹಬ್ಬ. ನೆಲಮಾಳಿಗೆಯ ಕತ್ತಲಲ್ಲಿ ಒಂದು ಮಗು. ಅದಕ್ಕೆ ಒಂದು ಒಳ್ಳೆಯ ಮಾತು ಆಡಿದರೂ ನಗರದ ಸಿರಿಯೆಲ್ಲ ಆ ಕ್ಷಣವೇ ಮುಗಿಯುತ್ತದೆ. ಇದು ಊರಿನವರಿಗೆಲ್ಲ ಗೊತ್ತು. ಮಕ್ಕಳಿಗೆ ತಿಳಿವಳಿಕೆ ಬಂದ ವಯಸ್ಸಿನಲ್ಲೇ ಹೇಳಿಬಿಡುತ್ತಾರೆ. ಹೆಚ್ಚಿನವರು ಕೆಲದಿನ ಕುದ್ದು, ಅತ್ತು, ಒಗ್ಗಿಹೋಗುತ್ತಾರೆ. ಕೆಲವರು ಮಾತಿಲ್ಲದೆ ಊರು ಬಿಟ್ಟು ನಡೆದುಬಿಡುತ್ತಾರೆ.

ಈ ಬಗೆಯಲ್ಲಿ ಖಳನಾಯಕ ಬೇಕಾಗಿಲ್ಲ, ಅದೇ ಇದರ ಬಲ. ಮೊದಲ ತೀರ್ಮಾನ ಯಾರದೋ. ಅದಕ್ಕೆ ದಿನದಿನವೂ ಒಪ್ಪಿಗೆ ಕೊಡುತ್ತಿರುವವರು ಮಾತ್ರ ಎಲ್ಲರೂ. ಇನ್ನೊಂದು ಸೂಕ್ಷ್ಮವೂ ಇದೆ. ಇಲ್ಲಿ ಹೋಗುತ್ತಿರುವುದು ಪ್ರಾಣವಲ್ಲ, ಸುಖ. ಪ್ರಾಣವನ್ನು ಒಮ್ಮೆ ತೆಗೆದರೆ ಮುಗಿಯಿತು, ಆಮೇಲೆ ಗುಡಿ ಕಟ್ಟಿ ಪೂಜೆ ಮಾಡಬಹುದು. ಸುಖವನ್ನು ಕಿತ್ತುಕೊಂಡರೆ ಅದನ್ನು ಪ್ರತಿ ಬೆಳಗ್ಗೆ ಮತ್ತೆ ಕಿತ್ತುಕೊಳ್ಳುತ್ತಲೇ ಇರಬೇಕು. ನಿಮ್ಮ ಕಥೆಯಲ್ಲಿ ಬಲಿ ಬದುಕಿಯೇ ಇದ್ದರೆ ಈ ಕಟ್ಟಡವನ್ನು ಗಂಭೀರವಾಗಿ ಪರಿಶೀಲಿಸಿ.

ಮಿತಿಯೂ ದೊಡ್ಡದೇ. ಆ ಮಗುವಿಗೆ ಹೆಸರಿಲ್ಲ, ಊರಿನವರಿಗೂ ಹೆಸರಿಲ್ಲ. ಹೆಸರು ಕೊಟ್ಟ ಕೂಡಲೇ ಓದುಗರು ನೆಲಮಾಳಿಗೆಯ ಬಾಗಿಲು ಯಾವಾಗ ತೆರೆಯುತ್ತದೆ ಎಂದು ಕಾಯಲು ಶುರುಮಾಡುತ್ತಾರೆ, ದೃಷ್ಟಾಂತ ಮುರಿದುಬೀಳುತ್ತದೆ. ಊರು ಬಿಟ್ಟು ಹೋಗುವವರ ಬಗ್ಗೆ ನನಗೆ ಮೊದಲಿನಿಂದಲೂ ಅಂಥ ಗೌರವವಿಲ್ಲ. ಅವರ ಕೈ ಶುದ್ಧವಾಯಿತು, ಮಗು ಅಲ್ಲೇ ಇದೆ. ಈ ಅಸಮಾಧಾನ ನನ್ನೊಬ್ಬನದಲ್ಲ. ಎನ್. ಕೆ. ಜೆಮಿಸಿನ್ 2018ರಲ್ಲಿ ಪ್ರಕಟಿಸಿದ ಉತ್ತರರೂಪದ ಕಥೆಯ ಶೀರ್ಷಿಕೆಯಲ್ಲೇ ಜನ ಊರು ಬಿಡುವುದಿಲ್ಲ, ಉಳಿದು ಹೋರಾಡುತ್ತಾರೆ. 2010ರ ‘ಡಾಕ್ಟರ್ ಹೂ’ ಟಿವಿ ಸರಣಿಯ ಒಂದು ಕಂತಿನಲ್ಲಿ ಇನ್ನೊಂದು ತಿರುವು ಇದೆ. ಆಕಾಶದಲ್ಲಿ ಚಲಿಸುವ ನಾಡೊಂದನ್ನು ಬೆನ್ನ ಮೇಲೆ ಹೊತ್ತು ಒಂದು ತಿಮಿಂಗಿಲ ಸಾಗುತ್ತಿದೆ, ಅದನ್ನು ಹಿಂಸಿಸಿ ಓಡಿಸುತ್ತಿದ್ದಾರೆ. ನಾಗರಿಕರಿಗೆ ಸತ್ಯ ತೋರಿಸಿ ಎರಡು ಗುಂಡಿ ಕೊಡುತ್ತಾರೆ: ಒಂದು ಪ್ರತಿಭಟಿಸಲು, ಇನ್ನೊಂದು ಮರೆಯಲು. ಜನ ಮರೆವಿನ ಗುಂಡಿ ಒತ್ತುತ್ತಾರೆ. ಗೊತ್ತಿದ್ದೂ ಒಗ್ಗಿಹೋಗುವ ಊರು, ಗೊತ್ತಿದ್ದದ್ದನ್ನು ಅಳಿಸಿಕೊಳ್ಳುವ ಊರು: ಇವೆರಡರಲ್ಲಿ ಒಂದನ್ನೇ ಆರಿಸಬೇಕಾದರೆ ಮೊದಲನೆಯದು ಹೆಚ್ಚು ಕ್ರೂರ, ಎರಡನೆಯದು ಹೆಚ್ಚು ನಂಬುವಂಥದ್ದು.

ಬೇರೆಯವರು ಕೂತು ಆರಿಸುತ್ತಾರೆ

ನನ್ನ ಒಲವು ಇಲ್ಲಿ. ಒಂದು ಸಣ್ಣ ಗುಂಪು ಕೂತು ‘ಯಾರನ್ನು ಕೊಡೋಣ’ ಎಂದು ಮಾತಾಡುವ ದೃಶ್ಯಕ್ಕಿಂತ ಭಯಂಕರವಾದದ್ದನ್ನು ಈ ವಸ್ತುವಿನಲ್ಲಿ ನಾನು ಓದಿಲ್ಲ.

ಐತರೇಯ ಬ್ರಾಹ್ಮಣದ ಶುನಃಶೇಪನ ಕಥೆ ನೋಡಿ. ಹರಿಶ್ಚಂದ್ರ ತನ್ನ ಮಗನನ್ನೇ ವರುಣನಿಗೆ ಕೊಡುತ್ತೇನೆಂದು ಮಾತು ಕೊಟ್ಟಿದ್ದಾನೆ. ಮಗ ರೋಹಿತ ಕಾಡಿನಲ್ಲಿ ಅಲೆದು ತನಗೆ ಬದಲಿಯೊಬ್ಬನನ್ನು ಹುಡುಕುತ್ತಾನೆ. ಹಸಿದ ಅಜೀಗರ್ತನಿಗೆ ಮೂವರು ಗಂಡುಮಕ್ಕಳು. ಹಿರಿಯವನನ್ನು ಕೊಡಲಾರೆ ಎನ್ನುತ್ತಾನೆ ತಂದೆ. ಕಿರಿಯವನನ್ನು ಕೊಡಲಾರೆ ಎನ್ನುತ್ತಾಳೆ ತಾಯಿ. ಉಳಿದವನು ನಡುವಣವನು. ನೂರು ಹಸುಗಳಿಗೆ ಮಾರಾಟ. ಯೂಪಕ್ಕೆ, ಎಂದರೆ ಬಲಿಕಂಬಕ್ಕೆ, ಕಟ್ಟಲು ಯಾರೂ ಮುಂದೆ ಬರದಿದ್ದಾಗ, ಇನ್ನೊಂದು ನೂರು ಹಸು ಪಡೆದು ಕಟ್ಟುವವನೂ ತಂದೆಯೇ. ಕೊಲ್ಲಲು ಮತ್ತೊಂದು ನೂರಕ್ಕೆ ಕತ್ತಿ ಮಸೆಯುತ್ತಾ ಬರುವವನೂ ಅವನೇ. ಹುಡುಗ ದೇವತೆಗಳನ್ನು ಸ್ತುತಿಸಿ ಬಿಡುಗಡೆಯಾಗುತ್ತಾನೆ, ವಿಶ್ವಾಮಿತ್ರನ ಮಗನಾಗುತ್ತಾನೆ. ಆದರೆ ಆ ಕಥೆಯಲ್ಲಿ ಬಿಡುಗಡೆಗಿಂತ ನೆನಪಿನಲ್ಲಿ ಉಳಿಯುವುದು ಆ ಎರಡು ‘ಕೊಡಲಾರೆ’ಗಳು.

‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆಯಲ್ಲೂ ಇದೇ ಲೆಕ್ಕ. ಮಲ್ಲನಗೌಡ ಕೆರೆ ಕಟ್ಟಿಸಿದ, ಹನಿ ನೀರು ಬರಲಿಲ್ಲ. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರಿಲ್ಲ ಎಂಬ ಮಾತಿಗೆ ಕಿರಿಸೊಸೆ ಭಾಗೀರಥಿಯ ಪಾಲಿಗೆ ಸಾವು ಬಂತು. ಗಂಡ ದಂಡಿನಲ್ಲಿದ್ದಾನೆ. ಅವಳಿಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಅವಳಿಗೆ ಗೊತ್ತು. ತವರಿಗೆ ಹೋಗಿ ಹೆತ್ತವರ ಮುಂದೆ ಅತ್ತೆ ಮಾವ ಬೇರೆ ಇಡುತ್ತಾರಂತೆ ಎಂದು ಸುಳ್ಳು ಹೇಳುತ್ತಾಳೆ. ನಿಜ ಹೇಳುವುದು ಗೆಳತಿಯೊಬ್ಬಳಿಗೆ ಮಾತ್ರ. ಆ ಗೆಳತಿಯೂ ಕೊಟ್ಟರೆ ಕೊಡಲಿ, ಇಟ್ಟ ಹಾಗೆ ಇರಬೇಕು ಎಂದುಬಿಡುತ್ತಾಳೆ. ಕೆರೆಯ ಪೂಜೆ ಮುಗಿಸಿ ಹಿಂದಿರುಗುವಾಗ ಬಂಗಾರದ ಬಟ್ಟಲು ಮರೆತು ಬಂದೆವೆಂಬ ನೆಪ. ತರಲು ಕಿರಿಯವಳೇ ಹೋಗುತ್ತಾಳೆ. ಒಂದೊಂದು ಮೆಟ್ಟಿಲಿಗೂ ನೀರು ಏರುತ್ತದೆ.

ಇಲ್ಲಿ ಕಲಿಯಬೇಕಾದ ಕೌಶಲ ಒಂದಿದೆ. ಎರಡೂ ಕಡೆಯವರಿಗೆ ಗೊತ್ತು, ಇಬ್ಬರೂ ಗೊತ್ತಿಲ್ಲದವರ ಹಾಗೆ ನಡೆದುಕೊಳ್ಳುತ್ತಾರೆ. ಮನೆಯವರ ಸುಳ್ಳು ಬಟ್ಟಲು. ಅವಳ ಸುಳ್ಳು, ತವರಿನಲ್ಲಿ ಆಡಿದ ಮಾತು. ಹಾಡು ಯಾರನ್ನೂ ಬೈಯುವುದಿಲ್ಲ, ಯಾರನ್ನೂ ಹೊಗಳುವುದಿಲ್ಲ. ಕೊನೆಗೆ ದಂಡಿನಿಂದ ಓಡಿಬಂದ ಗಂಡ ಅದೇ ಕೆರೆಗೆ ಹಾರುತ್ತಾನೆ. ಒಬ್ಬಳನ್ನು ಕೊಟ್ಟರೆ ಸಾಕು ಎಂದಿದ್ದ ಲೆಕ್ಕ ತಪ್ಪಿತು, ಅಷ್ಟೇ. ಒಬ್ಬರ ಸುಖ ಎನ್ನುವುದು ಎಂದೂ ಒಬ್ಬರದಾಗಿರುವುದಿಲ್ಲ ಎಂದು ಯಾವ ಪಾತ್ರವೂ ಭಾಷಣ ಮಾಡಬೇಕಾಗಿ ಬರಲಿಲ್ಲ.

ಗ್ರೀಕರ ಇಫಿಜಿನಿಯಾಳ ಕಥೆ ಇನ್ನೂ ಉಪಯುಕ್ತ, ಏಕೆಂದರೆ ಒಂದೇ ಘಟನೆಯನ್ನು ಇಬ್ಬರು ನಾಟಕಕಾರರು ತದ್ವಿರುದ್ಧವಾಗಿ ಕಟ್ಟಿದ್ದಾರೆ. ಹಡಗುಗಳು ಟ್ರಾಯ್‌ಗೆ ಹೊರಡಬೇಕಾದರೆ ಸೇನಾಪತಿ ಅಗಮೆಮ್ನಾನ್ ತನ್ನ ಮಗಳನ್ನು ಬಲಿ ಕೊಡಬೇಕು. ಈಸ್ಕಿಲಸ್‌ನ ನಾಟಕದಲ್ಲಿ (ಕ್ರಿ.ಪೂ. 458) ಅವಳ ಶಾಪ ಮನೆತನಕ್ಕೆ ತಟ್ಟದಿರಲೆಂದು ಬಾಯಿ ಕಟ್ಟುತ್ತಾರೆ, ಅವಳು ಕಣ್ಣಿನಲ್ಲೇ ಬೇಡಿಕೊಳ್ಳುತ್ತಾಳೆ. ಯೂರಿಪಿಡೀಸ್‌ನಲ್ಲಿ ಅವಳನ್ನು ಅಕಿಲೀಸ್‌ನ ಜೊತೆ ಮದುವೆ ಎಂದು ನಂಬಿಸಿ ಕರೆಸುತ್ತಾರೆ. ಅವಳು ಮೊದಲು ಬದುಕಿಗಾಗಿ ಅಂಗಲಾಚುತ್ತಾಳೆ, ಆಮೇಲೆ ಗ್ರೀಸಿಗಾಗಿ ಸಾಯುತ್ತೇನೆ ಎಂದು ತಾನೇ ಮುಂದೆ ಬರುತ್ತಾಳೆ. ಬಾಯಿ ಕಟ್ಟಿದ ಹುಡುಗಿ, ಒಪ್ಪಿಕೊಂಡ ಹುಡುಗಿ. ಯಾವುದನ್ನು ಆರಿಸಬೇಕು? ಕೊಂದವರ ಕಥೆ ಹೇಳುವುದಿದ್ದರೆ ಬಾಯಿ ಕಟ್ಟಿ. ಅವಳ ಕಥೆ ಹೇಳುವುದಿದ್ದರೆ ಮಾತು ಕೊಡಿ; ಆದರೆ ಒಪ್ಪಿಗೆ ಬರುವ ಹೊತ್ತಿಗೆ ಅವಳಿಗೆ ಬೇರೆ ದಾರಿ ಏನಾದರೂ ಉಳಿದಿತ್ತೇ ಎಂದು ಓದುಗರು ಕೇಳಿಕೊಳ್ಳುವ ಹಾಗೆ ಬರೆಯಿರಿ. ಸೈನ್ಯವೆಲ್ಲ ಸುತ್ತ ನಿಂತಿರುವಾಗ ಹೇಳುವ ‘ಹೂಂ’ ಎಷ್ಟರ ಮಟ್ಟಿಗೆ ಒಪ್ಪಿಗೆ?

ತಾನಾಗಿ ಕೊಡುವುದು

ದಧೀಚಿ ಋಷಿ ಬೆನ್ನೆಲುಬು ಕೊಟ್ಟ, ವಜ್ರಾಯುಧವಾಯಿತು, ವೃತ್ರ ಸತ್ತ. ಪುರಾಣಕ್ಕೆ ಅಷ್ಟು ಸಾಕು. ಹೊಸ ಕಥೆಗೆ ಸಾಲದು. ಎಲ್ಲ ಆಸೆಗಳನ್ನು ಮೊದಲೇ ತೊರೆದವನು ಕೊಡುವಾಗ ಅವನು ಕಳೆದುಕೊಳ್ಳುವುದೇನು ಎಂಬುದು ಕಾಣಿಸುವುದಿಲ್ಲ. ಈ ಬಗೆಯನ್ನು ಆರಿಸುವುದಾದರೆ ಕೊಡುವವರಿಗೆ ಏನಾದರೂ ತುಂಬಾ ಬೇಕಾಗಿರಲಿ, ಅದು ಕೈಗೆ ಸಿಗುವಷ್ಟು ಹತ್ತಿರದಲ್ಲಿರಲಿ.

ಕಾರ್ನಾಡರ ‘ಅಗ್ನಿ ಮತ್ತು ಮಳೆ’ ನಾಟಕದ ಕೊನೆ ಇದಕ್ಕೆ ಒಳ್ಳೆಯ ಮಾದರಿ. ಇಂದ್ರ ವರ ಕೇಳು ಎಂದಾಗ ಅರವಸುವಿಗೆ ಬೇಕಾದದ್ದು ಸತ್ತ ಪ್ರೇಯಸಿ ನಿತ್ತಿಲೆ ಮತ್ತೆ ಬದುಕಿ ಬರುವುದು. ಆದರೆ ಕಾಲಚಕ್ರ ಹಿಂದಕ್ಕೆ ಉರುಳಿದರೆ ಬ್ರಹ್ಮರಾಕ್ಷಸನಿಗೆ ಬಿಡುಗಡೆಯಿಲ್ಲ. ಅರವಸು ತನ್ನ ಪ್ರೀತಿಯನ್ನು ಬಿಟ್ಟು ಆ ಬಿಡುಗಡೆಯನ್ನು ಕೇಳುತ್ತಾನೆ. ಮಳೆ ಬರುತ್ತದೆ. ಗಮನಿಸಬೇಕಾದ್ದು ಇಷ್ಟು: ಅವನು ಆ ಕ್ಷಣದಲ್ಲಿ ಲೋಕವನ್ನು ಉಳಿಸಲು ಹೊರಟವನಲ್ಲ. ಎದುರಿಗೆ ಗೋಳಾಡುತ್ತಿರುವ ಒಂದು ಜೀವಕ್ಕೆ ಕರಗಿದ. ‘ಲೋಕಕ್ಕಾಗಿ’ ಎಂದು ಕೂಗಿ ಕೊಡುವ ಪಾತ್ರಕ್ಕಿಂತ ಹೀಗೆ ಕೊಡುವ ಪಾತ್ರವನ್ನು ನಂಬುವುದು ಸುಲಭ.

ಇಲ್ಲೊಂದು ಕಳ್ಳಹಾದಿಯೂ ಇದೆ, ಎಚ್ಚರ. 1967ರ ‘ಸ್ಟಾರ್ ಟ್ರೆಕ್’ ಟಿವಿ ಸರಣಿಯ ಪ್ರಸಿದ್ಧ ಕಂತೊಂದರಲ್ಲಿ ನಾಯಕ ಕರ್ಕ್ ಹಿಂದಿನ ಕಾಲಕ್ಕೆ ಹೋಗಿ ಎಡಿತ್ ಕೀಲರ್ ಎಂಬವಳನ್ನು ಪ್ರೀತಿಸುತ್ತಾನೆ. ಅವಳು ಬದುಕಿದರೆ ಅವಳ ಶಾಂತಿ ಚಳವಳಿಯಿಂದ ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿಯುವುದು ತಡವಾಗಿ ಜರ್ಮನಿ ಗೆಲ್ಲುತ್ತದೆ. ಆದ್ದರಿಂದ ಅವಳನ್ನು ಅಪಘಾತದಿಂದ ಉಳಿಸಹೋದ ಗೆಳೆಯನನ್ನು ಅವನು ತಡೆದು ಹಿಡಿಯುತ್ತಾನೆ. ಕಂತು ಚೆನ್ನಾಗಿಯೇ ಇದೆ, ನೋಡಿದವರು ಮರೆಯುವುದಿಲ್ಲ. ಆದರೂ ನಾವು ಅಳುವುದು ಅವನಿಗಾಗಿ. ತ್ಯಾಗಿ ಎನ್ನಿಸಿಕೊಂಡವನು ಅವನು, ರಸ್ತೆಯಲ್ಲಿ ಸತ್ತವಳು ಅವಳು. ಅವಳನ್ನು ಯಾರೂ ಕೇಳಲಿಲ್ಲ. ನಿಮ್ಮ ನಾಯಕನ ‘ತ್ಯಾಗ’ದಲ್ಲಿ ಖರ್ಚಾಗುತ್ತಿರುವುದು ಇನ್ನೊಬ್ಬರ ಪ್ರಾಣವಾದರೆ, ನೀವು ಬರೆಯುತ್ತಿರುವುದು ಹಿಂದಿನ ಭಾಗದ, ಬೇರೆಯವರು ಆರಿಸುವ ಕಥೆಯನ್ನು. ಅದನ್ನು ಹಾಗೆಂದು ಗೊತ್ತಿಟ್ಟುಕೊಂಡೇ ಬರೆಯಿರಿ.

ಲೋಕ ಹೋದರೂ ಸರಿ

ಒಬ್ಬರನ್ನು ಬಿಟ್ಟುಕೊಡಬೇಕು ಎನ್ನುವವರು ಬಾಯಿಪಾಠವಾಗಿ ಹೇಳುವ ಶ್ಲೋಕವೊಂದಿದೆ, ಮಹಾಭಾರತದಲ್ಲಿ ವಿದುರ ಹೇಳುವುದು. ಕುಲಕ್ಕಾಗಿ ಒಬ್ಬನನ್ನು ಬಿಡಬೇಕು, ಗ್ರಾಮಕ್ಕಾಗಿ ಕುಲವನ್ನು, ಜನಪದಕ್ಕಾಗಿ ಗ್ರಾಮವನ್ನು. ಉದ್ಧರಿಸುವವರು ಬಹುತೇಕ ಇಲ್ಲಿಗೆ ನಿಲ್ಲಿಸುತ್ತಾರೆ. ನಾಲ್ಕನೇ ಪಾದ ಹೇಳುವುದು: ‘ಆತ್ಮಾರ್ಥೇ ಪೃಥಿವೀಂ ತ್ಯಜೇತ್’, ಆತ್ಮಕ್ಕಾಗಿ ಭೂಮಿಯನ್ನೇ ಬಿಡಬೇಕು. ಮೂರು ಪಾದ ಏರಿದ ಲೆಕ್ಕವನ್ನು ನಾಲ್ಕನೆಯದು ತಲೆಕೆಳಗು ಮಾಡುತ್ತದೆ. ಅಲ್ಲದೆ ವಿದುರ ಬಿಟ್ಟುಬಿಡು ಎಂದದ್ದು ದುರ್ಯೋಧನನನ್ನು, ಯಾವ ತಪ್ಪೂ ಮಾಡದ ಮಗುವನ್ನಲ್ಲ.

ಈಚಿನ ವರ್ಷಗಳ ಜನಪ್ರಿಯ ಕಥೆಗಳು ಈ ನಾಲ್ಕನೇ ಪಾದದ ಕಡೆಗೇ ವಾಲಿವೆ. ‘ದಿ ಲಾಸ್ಟ್ ಆಫ್ ಅಸ್’ (2013) ವಿಡಿಯೋ ಗೇಮ್‌ನಲ್ಲಿ, ಲೋಕವನ್ನೇ ಹಾಳುಗೆಡವಿದ ಸೋಂಕು ಎಲಿ ಎಂಬ ಹುಡುಗಿಗೆ ಏನೂ ಮಾಡುವುದಿಲ್ಲ. ಅವಳ ಮಿದುಳು ತೆಗೆದರೆ ಲಸಿಕೆ ಮಾಡಬಹುದು. ಅವಳನ್ನು ಮಗಳಂತೆ ಹಚ್ಚಿಕೊಂಡ ಜೋಯಲ್ ಆಸ್ಪತ್ರೆಯಲ್ಲಿ ಅಡ್ಡ ಬಂದವರನ್ನು ಕೊಂದು ಅವಳನ್ನು ಎತ್ತಿಕೊಂಡು ಬರುತ್ತಾನೆ, ಆಮೇಲೆ ಅವಳಿಗೆ ಸುಳ್ಳು ಹೇಳುತ್ತಾನೆ. ಇದರಲ್ಲಿ ಜಾಣತನವೆಂದರೆ ಎರಡು ಪಕ್ಷಗಳೂ ಅವಳನ್ನು ಕೇಳದೇ ಇದ್ದದ್ದು. ಕತ್ತರಿಸಲು ಹೊರಟವರು ಪ್ರಜ್ಞೆಯಿಲ್ಲದ ಹುಡುಗಿಯನ್ನು ಕೇಳಲಿಲ್ಲ. ಉಳಿಸಿದವನು ಪ್ರಜ್ಞೆ ಬಂದ ಮೇಲೂ ಕೇಳಲಿಲ್ಲ. ಹಾಗಾಗಿ ಪ್ರೀತಿಯೂ ಒಂದು ಬಗೆಯ ಕಿತ್ತುಕೊಳ್ಳುವಿಕೆಯಾಗಿ ಕಾಣುತ್ತದೆ. ಮಕೊಟೊ ಶಿಂಕಾಯ್‌ರ ‘ವೆದರಿಂಗ್ ವಿತ್ ಯು’ (2019) ಚಿತ್ರದ ಹುಡುಗ ಇಷ್ಟು ಕಹಿಯಿಲ್ಲದೆ ಅದೇ ಕೆಲಸ ಮಾಡುತ್ತಾನೆ: ಮಳೆ ನಿಲ್ಲಲೆಂದು ಬಲಿಯಾದ ಹುಡುಗಿಯನ್ನು ಆಕಾಶದಿಂದ ಮರಳಿ ತರುತ್ತಾನೆ, ಮಳೆ ವರ್ಷಗಟ್ಟಲೆ ನಿಲ್ಲುವುದಿಲ್ಲ, ಟೋಕಿಯೊದ ದೊಡ್ಡ ಭಾಗ ಮುಳುಗುತ್ತದೆ. ಮನೆ ಕಳೆದುಕೊಂಡ ಅಜ್ಜಿಯೊಬ್ಬಳು ಈ ಜಾಗ ಹಿಂದೆ ಸಮುದ್ರವೇ ಆಗಿತ್ತಲ್ಲ ಎನ್ನುತ್ತಾಳೆ.

ಆ ಅಜ್ಜಿಯನ್ನು ಕಥೆಗೆ ತಂದದ್ದಕ್ಕೆ ನನ್ನ ಮೆಚ್ಚುಗೆ ಇದೆ, ಆದರೆ ಅವಳು ಇಷ್ಟು ಸುಲಭಕ್ಕೆ ಕ್ಷಮಿಸಿದ್ದಕ್ಕೆ ತಕರಾರೂ ಇದೆ. ನಿರಾಕರಣೆಯ ದಾರಿ ಹಿಡಿದರೆ ಬೆಲೆ ತೆತ್ತವರಲ್ಲಿ ಒಬ್ಬರಾದರೂ ಮುಖ ತೋರಿಸಬೇಕು, ಸಾಧ್ಯವಾದರೆ ಕ್ಷಮಿಸದವರು. ಮುಖವಿಲ್ಲದ ಲಕ್ಷ ಜನರನ್ನು ಮುಳುಗಿಸುವುದು ಬರೆಯುವವರಿಗೆ ತೀರಾ ಸಲೀಸು.

ಮೂರನೇ ದಾರಿ ಸಿಕ್ಕಿಬಿಡುವುದು

ಏಕಚಕ್ರದ ಬಕಾಸುರನಿಗೆ ಸರದಿಯಂತೆ ಮನೆಗೊಬ್ಬರು. ಬಂಡಿ ಅನ್ನ, ಎರಡು ಕೋಣ, ಹೊತ್ತು ತಂದ ಮನುಷ್ಯ, ಎಲ್ಲವೂ ಅವನ ಊಟ. ಬ್ರಾಹ್ಮಣನ ಮನೆಯ ಸರದಿ ಬಂದಾಗ ತಂದೆ ನಾನು ಹೋಗುತ್ತೇನೆ ಎನ್ನುತ್ತಾನೆ, ತಾಯಿ ನಾನು ಎನ್ನುತ್ತಾಳೆ, ಮಗಳು ನಾನು ಎನ್ನುತ್ತಾಳೆ. ಮೂವರಿಗೂ ಪಕ್ಕಾ ತರ್ಕವಿದೆ. ಇನ್ನೂ ತೊದಲು ಬಿಡದ ಮಗ ಹುಲ್ಲುಕಡ್ಡಿ ಎತ್ತಿ ಇದರಿಂದಲೇ ರಾಕ್ಷಸನನ್ನು ಕೊಲ್ಲುತ್ತೇನೆ ಎನ್ನುತ್ತಾನೆ. ಅಳುವಿನ ನಡುವೆ ನಗು ಹುಟ್ಟುವ ಆ ಗಳಿಗೆಯಲ್ಲಿ ಕುಂತಿ ಒಳಗೆ ಬರುತ್ತಾಳೆ. ಭೀಮ ಹೋಗುತ್ತಾನೆ, ಕಥೆ ಮುಗಿಯುತ್ತದೆ.

ಭೀಮನಂಥವನು ಇದ್ದಾನೆ ಎಂದು ಕೇಳುಗರಿಗೆ ಮೊದಲೇ ಗೊತ್ತಿದ್ದರಿಂದ ಇದು ಮೋಸ ಅನ್ನಿಸುವುದಿಲ್ಲ. ಕೊನೆಯ ಪುಟದಲ್ಲಿ ದಿಢೀರನೆ ಹುಟ್ಟುವ ಭೀಮ ಮೋಸವೇ. ಅಲ್ಲದೆ ಇಲ್ಲೂ ಒಬ್ಬ ತಾಯಿ ಮಗನನ್ನು ಕಳಿಸಿದಳು, ಯುಧಿಷ್ಠಿರ ಅದಕ್ಕೆ ಕೋಪಗೊಂಡ. ಬಲಿ ತಪ್ಪಿದರೂ ಲೆಕ್ಕ ತಪ್ಪಲಿಲ್ಲ. ಆ ಜಗಳ ಇಲ್ಲದಿದ್ದರೆ ಈ ಪ್ರಸಂಗ ಬರೀ ಸಾಹಸವಾಗುತ್ತಿತ್ತು. ಮಕ್ಕಳ ಕಥೆಗೆ, ಹಬ್ಬದ ನಾಟಕಕ್ಕೆ ಈ ದಾರಿ ಸೊಗಸು. ಉಳಿದೆಡೆ ಬಳಸಬೇಡಿ ಎನ್ನುವಷ್ಟು ನಾನು ಕಠಿಣನಲ್ಲ, ಆದರೆ ಹತ್ತರಲ್ಲಿ ಒಂಬತ್ತು ಸಲ ಇದು ಬರೆಯುವವರಿಗೆ ಧೈರ್ಯ ಸಾಲದೆ ಬಂದದ್ದು ಎಂದು ಓದುವಾಗಲೇ ತಿಳಿದುಬಿಡುತ್ತದೆ.

ಒಬ್ಬರೇ ಏಕೆ, ಇವರೇ ಏಕೆ?

ಯಾವ ದಾರಿ ಹಿಡಿದರೂ ಒಂದು ತೊಡಕು ಎದುರಾಗುತ್ತದೆ. ಟಾಮ್ ಗಾಡ್ವಿನ್‌ನ ‘ದಿ ಕೋಲ್ಡ್ ಈಕ್ವೇಷನ್ಸ್’ (1954) ಕಥೆಯಲ್ಲಿ ಜ್ವರಕ್ಕೆ ಔಷಧ ಹೊತ್ತ ಪುಟ್ಟ ಆಕಾಶನೌಕೆಗೆ ಇಂಧನ ಅಳತೆ ಮಾಡಿ ತುಂಬಿದೆ. ಅಣ್ಣನನ್ನು ನೋಡಲು ಹುಡುಗಿಯೊಬ್ಬಳು ಕದ್ದು ಹತ್ತಿಬಿಟ್ಟಿದ್ದಾಳೆ. ಅವಳ ತೂಕ ಹೊತ್ತರೆ ನೌಕೆ ಇಳಿಯಲಾರದು, ಔಷಧ ಕಾಯುತ್ತಿರುವ ಆರು ಜನರೂ ಸಾಯುತ್ತಾರೆ. ಅವಳನ್ನು ಹೊರಗೆ ಬಿಡಲೇಬೇಕು. ಗಾಡ್ವಿನ್ ಹುಡುಗಿಯನ್ನು ಉಳಿಸುವ ಉಪಾಯ ಹುಡುಕುತ್ತಲೇ ಇದ್ದನೆಂದೂ ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಕಥೆಯನ್ನು ಮತ್ತೆ ಮತ್ತೆ ವಾಪಸು ಕಳಿಸಿದನೆಂದೂ ಹೇಳುತ್ತಾರೆ.

ಅಂದಿನಿಂದ ಇಂದಿನವರೆಗೆ ಓದುಗರು ಎತ್ತುವ ಆಕ್ಷೇಪ ಒಂದೇ: ಹೆಚ್ಚುವರಿ ಇಂಧನವಿಲ್ಲದೆ, ಬಾಗಿಲಿಗೆ ಸರಿಯಾದ ಬೀಗವಿಲ್ಲದೆ ನೌಕೆ ಕಳಿಸಿದವರು ಯಾರು? ಪ್ರಕೃತಿಯ ನಿಯಮ ಎಂದು ಕಥೆ ಹೇಳುವುದು ನಿಜವಾಗಿ ಯಾರದೋ ಕಚೇರಿಯ ನಿಯಮ, ಅದರ ಹಿಂದೆ ಕಥೆಗಾರನ ನಿಯಮ. ಈ ಆಕ್ಷೇಪಕ್ಕೆ ಹೆದರಿ ತಾಂತ್ರಿಕ ವಿವರ ತುಂಬುತ್ತಾ ಹೋಗುವುದು ದಂಡ. ಎರಡೇ ಉಪಾಯ ಫಲಿಸುತ್ತವೆ. ಓಮೆಲಾಸ್‌ನಂತೆ ಕಾರಣವನ್ನು ಪೂರ್ತಿ ಬಿಟ್ಟುಬಿಡಿ, ಷರತ್ತು ಅಷ್ಟೇ ಎನ್ನಿ. ಇಲ್ಲವೇ ಕೆರೆಯ ಹಾಡಿನಂತೆ ಕಾರಣವನ್ನು ಜನರ ಬಾಯಲ್ಲಿ ಇಡಿ; ಆಗ ಓದುಗರ ಸಂಶಯವೂ ಕಥೆಯ ಭಾಗವಾಗುತ್ತದೆ. ನೀರು ನಿಜವಾಗಿ ಬಲಿಗೇ ಬಂತೇ ಎಂಬ ಪ್ರಶ್ನೆ ಹಾಡಿಗೆ ಧಕ್ಕೆ ತರುವುದಿಲ್ಲ, ಅದನ್ನು ಇನ್ನಷ್ಟು ಘೋರವಾಗಿಸುತ್ತದೆ.

ಗಾತ್ರ ಮತ್ತು ಮಾಧ್ಯಮ

ನಾಲ್ಕೈದು ಪುಟದ ಕಥೆಯಾದರೆ ಓಮೆಲಾಸ್‌ನಂಥ ಮೊದಲ ಬಗೆ. ಪದ್ಯಕ್ಕೆ, ರಂಗಕ್ಕೆ ಬೇರೆಯವರು ಆರಿಸುವ ಎರಡನೆಯದು. ಆರಿಸುವ ದೃಶ್ಯವೊಂದೇ ಒಂದು ಅಂಕವನ್ನು ಹೊರುತ್ತದೆ. ತಾನಾಗಿ ಕೊಡುವ ಪಾತ್ರಕ್ಕೆ ಕಾದಂಬರಿಯ ಉದ್ದ ಬೇಕು, ಅವರಿಗೆ ಏನು ಬೇಕಿತ್ತು ಎಂದು ನಮಗೆ ಗೊತ್ತಾಗಲು. ನಿರಾಕರಣೆಗೂ ಉದ್ದ ಬೇಕು, ಆದರೆ ಆ ಉದ್ದ ನಿರ್ಧಾರದ ಆಚೆಗೆ ಇರಬೇಕು. ನಿರ್ಧಾರದಲ್ಲೇ ಮುಗಿಯುವ ನಿರಾಕರಣೆ ಬರೀ ಘೋಷಣೆ.

ವಿಡಿಯೋ ಗೇಮ್ ಬರೆಯುವವರ ಪಾಡು ಬೇರೆ, ಅಲ್ಲಿ ಆಯ್ಕೆ ಆಡುವವರ ಕೈಗೆ ಹೋಗುತ್ತದೆ. ‘ಲೈಫ್ ಈಸ್ ಸ್ಟ್ರೇಂಜ್’ (2015) ಕೊನೆಯಲ್ಲಿ ಎರಡೇ ದಾರಿ ಕೊಡುತ್ತದೆ: ಗೆಳತಿ ಕ್ಲೋಯಿಯನ್ನು ಬಿಟ್ಟುಕೊಡಿ, ಇಲ್ಲವೇ ಬಿರುಗಾಳಿಗೆ ಊರನ್ನು ಬಿಟ್ಟುಕೊಡಿ. ತನ್ನನ್ನು ಬಿಟ್ಟುಬಿಡು ಎಂದು ಕ್ಲೋಯಿಯೇ ಹೇಳುತ್ತಾಳೆ. ಆದರೆ ಗೆಳತಿಯನ್ನು ಬಿಟ್ಟುಕೊಟ್ಟಾಗ ಬರುವ ಮುಕ್ತಾಯ ದೀರ್ಘವಾಗಿದೆ, ನೆನಪುಗಳಿಂದ ತುಂಬಿದೆ. ಊರನ್ನು ಬಿಟ್ಟುಕೊಟ್ಟಾಗ ಬರುವುದು ಚುಟುಕು. ಯಾವುದು ಸರಿ ಎಂದು ತಯಾರಕರು ಬಾಯಿಬಿಟ್ಟು ಹೇಳದಿದ್ದರೂ ಆ ಅಳತೆಯೇ ಹೇಳಿಬಿಟ್ಟಿತು ಎಂದು ಆಡಿದವರು ಅನೇಕರು ದೂರಿದರು. ಎರಡು ಕೊನೆಗಳನ್ನು ಬರೆಯುವುದಾದರೆ ನಿಮಗೆ ಇಷ್ಟವಿಲ್ಲದ ಕೊನೆಯನ್ನು ಮೊದಲು ಬರೆಯಿರಿ, ಕೈ ದಣಿಯುವ ಮುನ್ನ.